ಇದರಾಗ ಯಾರ ಹೆಸರೈತಿ?

ಬೈಲಹೊಂಗಲ
9 ಜೂನ್ 2025, ಸೋಮವಾರ

ಲಗಮಣ್ಣ ಕಾಕಾ ಅವರಿಗೆ,

ಪ್ರಿಯಂವದಾಳ ನಮಸ್ಕಾರಗಳು. ಒಂದೂವರೆ ವರ್ಷ ಒಂದು ಸಾಲೂ ಬರೆಯದವಳು ಈಗ ಬರೆಯುತ್ತಿದ್ದಾಳೆಂದರೆ ಏನೋ ಕೆಲಸ ಬಿದ್ದಿರಬೇಕು ಎಂದು ನೀವು ಲಕೋಟೆ ಒಡೆಯುವ ಮೊದಲೇ ಅಂದುಕೊಂಡಿರುತ್ತೀರಿ. ಹೌದು, ಕೆಲಸವೇ. ಸುಳ್ಳು ಯಾಕೆ ಹೇಳಲಿ.

ಫೋನ್ ಮಾಡಬೇಕೆಂದಿದ್ದೆ. ಆಸ್ಪತ್ರೆಯ ಗಾಡಿ ಓಡಿಸುವ ಸುಭಾಸ ಬೇಡ ಎಂದ. "ಹದಿನಾಲ್ಕು ವರ್ಷ ಜನರೇಟರ್ ಬಾಜೂ ನಿಂತ ಕಿವಿ ಅವು. ಫೋನಿನ್ಯಾಗ ಏನೂ ಕೇಳಸೂದಿಲ್ಲ. ಕಾಗದ ಬರದು ಕೊಡ್ರಿ, ಮಂಗಳವಾರ, ಶುಕ್ರವಾರ ನನ್ನ ಗಾಡಿ ಅವರ ಬಾಗಲಿಗೇ ಹೋಗ್ತೈತಿ" ಎಂದ. ಅವನಿಗೆ ನಿಮ್ಮ ಮೇಲೆ ಅಷ್ಟು ಪ್ರೀತಿ ಎಂದು ನನಗೆ ಗೊತ್ತಿರಲಿಲ್ಲ.

ವಿಷಯ ಇದು. ಅಕ್ಟೋಬರ್ ಒಂದರಿಂದ ನಮ್ಮ ಸರ್ವರ್ ಕೋಣೆಯನ್ನು ಒಂದು ಎಐ ಏಜೆಂಟ್ ನೋಡಿಕೊಳ್ಳುತ್ತದೆ. ಏಜೆಂಟ್ ಎಂದರೆ ಮನುಷ್ಯನಲ್ಲ, ಒಂದು ಪ್ರೋಗ್ರಾಂ. ನಾವು ಬರೆದಿಟ್ಟ ಟಿಪ್ಪಣಿ ಓದಿ, ಯಾವ ಯಂತ್ರಕ್ಕೆ ಯಾವಾಗ ಏನು ಮಾಡಬೇಕೆಂದು ತಾನೇ ತೀರ್ಮಾನಿಸಿ ಮಾಡುತ್ತದೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ನಾಲ್ಕೂ ತಾಲೂಕಿನ ಏಳು ಆಸ್ಪತ್ರೆಗಳ ದಾಖಲೆ ಅದರ ಕೈಗೆ ಹೋಗುತ್ತದೆ. ಯಾರಿಗೆ ಯಾವ ದಿನ ಡಯಾಲಿಸಿಸ್, ಯಾರದು ಯಾವ ರಕ್ತದ ಗುಂಪು, ಎಲ್ಲ.

ಆ ಯಂತ್ರಗಳನ್ನು ನಡೆಸುವ ಇಪ್ಪತ್ಮೂರು ಉಪಕರಣ, ಅಂದರೆ ಸಣ್ಣ ಪ್ರೋಗ್ರಾಂಗಳನ್ನು, ಬರೆದವರು ನೀವು. ಎತ್ತಿಗೆ ಹೇಳುವ ಹಾಗೆ ಹೆಸರಿಟ್ಟಿದ್ದೀರಿ: ನೋಡು, ಎಬ್ಬಿಸು, ಮಲಗಿಸು, ಒರಸು, ಹಿಂದಕ್ಕ. ಅವುಗಳ ಬಗ್ಗೆ ಒಂದು ಅಕ್ಷರ ಬರೆದಿಟ್ಟಿಲ್ಲ. ಕೇಳಿದರೆ "ಬಾಯಿಲೇ ಹೇಳ್ತೇನಿ, ನೆನಪಿಟ್ಕೋರಿ" ಎನ್ನುತ್ತಿದ್ದಿರಿ. ಏಜೆಂಟಿಗೆ ಆ ಬಾಯಿಯೂ ಗೊತ್ತಿಲ್ಲ, ನೆನಪೂ ಇಲ್ಲ. ಬರೆದದ್ದಷ್ಟೇ ಅದರ ಲೋಕ. ಟಿಪ್ಪಣಿ ಬರೆಯುವ ಕೆಲಸವನ್ನು ಮ್ಯಾನೇಜರ್ ನಿಜಗುಣಪ್ಪ ಸಾಹೇಬರು ನನಗೆ ಹಚ್ಚಿದ್ದಾರೆ.

ಮುರಗೋಡದ ನಮ್ಮ ಅಜ್ಜ ನೀಲಕಂಠಾಚಾರ್ಯರು ಎರಡು ಸಾಲಿನ ಶ್ಲೋಕಕ್ಕೆ ಇಪ್ಪತ್ತು ಪುಟ ಟೀಕೆ ಬರೆಯುತ್ತಿದ್ದರು. ಓದುವವರು ನಾಲ್ಕು ಜನ, ಅದರಲ್ಲಿ ಮೂವರು ಜಗಳಕ್ಕೆ. ನನ್ನ ಟೀಕೆ ಓದುವವನು ಒಬ್ಬನೇ, ಅವನು ಜಗಳವಾಡುವುದಿಲ್ಲ, ಓದಿದ್ದನ್ನು ಮಾಡಿಬಿಡುತ್ತಾನೆ. ನನಗೆ ಅದೇ ಹೆದರಿಕೆ. ನಾನು ಒಂದು ಸಾಲು ತಪ್ಪಿದರೆ ಯಾರದೋ ಸರದಿ ತಪ್ಪುತ್ತದೆ.

ಪ್ರಶ್ನೆಗಳ ಪಟ್ಟಿ ಜೊತೆಗಿದೆ. ಬುಟ್ಟಿಯಲ್ಲಿ ಆಪೂಸ್ ಮಾವಿನಹಣ್ಣು ಇವೆ, ಕಾಕೂ ಅವರಿಗೆ ಕೊಡಿ. ಬೇರೆಯದೂ ಒಂದು ಬರೆಯುವುದಿತ್ತು. ಈ ಕಾಗದದಲ್ಲಿ ಬೇಡ.

ನಿಮ್ಮ
ಪ್ರಿಯಂವದಾ

---

ಹೂಲಿ
13 ಜೂನ್ 2025, ಶುಕ್ರವಾರ

ಪ್ರಿಯಂವದಾಬಾಯಿ ಅವರಿಗೆ,

ಲಗಮಣ್ಣನ ಜೈಭೀಮ. ನಾ ಮಾತಾಡಿದಂಗ ಬರೀತೇನಿ, ವ್ಯಾಕರಣ ಹುಡುಕಬ್ಯಾಡ್ರಿ. ಅಜ್ಜನ ಮೊಮ್ಮಗಳು ನೀವು, ಕೆಂಪ ಶಾಯಿ ತಗದೀರಿ ಮತ್ತ.

ಕೆಲಸಕ್ಕ ಬರದ್ರ ಏನಾತ್ರಿ? ಕೆಲಸಿಲ್ಲದ ಬರದವರ ಕಾಗದಾನೂ ಓದೇನಿ, ಬರೇ ಹವಾಮಾನ ಇರ್ತೈತಿ. ಎಪ್ಪಾ, ಒಂದೂವರಿ ವರ್ಷದ ಮ್ಯಾಲ ಯಾರೋ ನನ್ನ ಉಪಕರಣದ ಬಗ್ಗೆ ಕೇಳ್ಯಾರ. ಕಾಗದ ಎರಡ ಸಲ ಓದಿದೆ. ನನಗ ಭಾಳ ಸಂತೋಷ ಆಗೇತಿ, ಅದನ್ನ ಮೊದಲ ಹೇಳಿಬಿಡ್ತೇನಿ.

ಅಂದಂಗ ಈ ಏಜೆಂಟಪ್ಪ ಯಾವೂರಾಂವ? ಅವಗ ಊಟ, ಚಾ, ಬೀಡಿ ಏನೂ ಬೇಕಾಗೂದಿಲ್ಲ ಅಂದ್ರ ನಿಜಗುಣಪ್ಪ ಸಾಹೇಬರಿಗೆ ಭಾಳ ಹಿಡಿಸಿರಬೇಕು.

ಹೊಸಾ ಮನಷ್ಯಾಗ ನಾ ಹ್ಯಾಂಗ ಕಲಸ್ತಿದ್ದೆ ನೆನಪೈತಿಲ್ಲೋ? ಮೊದಲ "ಏನ್ ಮಾಡಬ್ಯಾಡ" ಹೇಳ್ತಿದ್ದೆ, ಆಮ್ಯಾಲ "ಏನ್ ಮಾಡು." ನೀವೂ ಹಂಗ ಬರೀರಿ. ಎಬ್ಬಿಸು ಓಡಿಸೂ ಮೊದಲ ನೋಡು ಓಡಿಸ್ಬೇಕು, ಯಾಕಂದ್ರ ಎದ್ದಾಂವನ್ನ ಎಬ್ಬಿಸಿದ್ರ ಸಿಟ್ಟ ಬರ್ತೈತಿ, ಮಷಿನ್ನಿಗೂ ಅಷ್ಟ. ಮಲಗಿಸು ಓಡಿಸಿದ ಮ್ಯಾಲ ಮೂರ ಮಿನಿಟ ಬಿಡಬೇಕು. ಉಳದ ಹನ್ನೆರಡ ಪ್ರಶ್ನಿಗೆ ಉತ್ತರ ಹಿಂದಿನ ಹಾಳಿ ಮ್ಯಾಗ ಬರದೇನಿ.

ಹಣ್ಣ ಸುಭಾಸ ತಿಂದಾನ. ನಮ್ಮನ್ಯಾಗ ಈಗ ಹಣ್ಣ ಕಡಿಮಿ. ಬ್ಯಾಸರ ಮಾಡ್ಕೋಬ್ಯಾಡ್ರಿ.

ಬೇರೆದ್ದು ಬರಿಯೂದಿತ್ತು ಅಂದೀರಿ. ಅದನ್ನ ಬರಿಯೂದೇನೂ ಇಲ್ಲ.

ಇಂತಿ
ಲಗಮಣ್ಣ

---

ಬೈಲಹೊಂಗಲ
23 ಜೂನ್ 2025, ಸೋಮವಾರ

ಲಗಮಣ್ಣ ಕಾಕಾ ಅವರಿಗೆ,

ನಮಸ್ಕಾರಗಳು. "ಮೊದಲು ಏನು ಮಾಡಬಾರದು" ಎಂದು ಬರೆಯತೊಡಗಿದ ಮೇಲೆ ಟಿಪ್ಪಣಿಗಳು ನೆಟ್ಟಗಾದವು. ಹದಿನಾರು ಮುಗಿದಿವೆ. ನಿಮ್ಮ ಉಪಕಾರವನ್ನು ಹೇಗೆ ಹೇಳಲಿ? ಕಾರ್ಯಾಲಯದಲ್ಲಿ ಕಸಗುಡಿಸುವ ರಾಯವ್ವ ನಿಮ್ಮ ಕಾಗದ ನನ್ನ ಮೇಜಿನ ಮೇಲೆ ನೋಡಿ, "ಅಣ್ಣಾರ ಅಕ್ಷರ! ಹಂಗ ಐತಿ ನೋಡ್ರಿ, ಜೋಳದ ಸಾಲ ಬಿತ್ತಿದಂಗ" ಎಂದು ಮುಟ್ಟಿ ನೋಡಿದಳು.

ಎರಡು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ.

ಒಂದು: ಒರಸು. ಯಂತ್ರದಲ್ಲಿ ಇದ್ದದ್ದನ್ನೆಲ್ಲ ಅಳಿಸುವ ಉಪಕರಣ. ಮೊದಲು ಅದು ಯಂತ್ರದ ಹೆಸರು ಕೇಳುತ್ತಿತ್ತು, ಕೊಟ್ಟರೆ ಅಳಿಸುತ್ತಿತ್ತು. ಈಗ ಇನ್ನೊಂದು ಪ್ರಶ್ನೆ ಕೇಳುತ್ತದೆ: "ಇದರಾಗ ಯಾರ ಹೆಸರೈತಿ? ಒಂದು ಹೆಸರ ಬರಿ." ಯಂತ್ರ ತೆರೆದು, ಒಳಗಿನ ಒಬ್ಬ ರೋಗಿಯ ಹೆಸರನ್ನು ಓದಿ ಬರೆದರೆ ಮಾತ್ರ ಮುಂದೆ ಹೋಗುತ್ತದೆ. ನೀವು ಕೆಲಸ ಬಿಡುವ ವಾರದಲ್ಲಿ ಇದನ್ನು ಸೇರಿಸಿದ್ದೀರಿ ಎಂದು ತಾರೀಖು ಹೇಳುತ್ತದೆ. ಟಿಪ್ಪಣಿಯಲ್ಲಿ "ಕಾರಣ" ಎಂಬ ಒಂದು ಸಾಲು ತುಂಬಬೇಕು. ಏನು ಬರೆಯಲಿ?

ಎರಡು: ಹಿಂದಕ್ಕ. ಹೋದ ದಾಖಲೆಯನ್ನು ಪ್ರತಿಯಿಂದ ತರುವ ಉಪಕರಣ. ಅದರ ಪ್ರತಿಗಳ ನಡುವೆ "ಸೀತವ್ವ" ಎಂಬ ಒಂದು ಕಡತವಿದೆ, ನವೆಂಬರ್ 2023ರದು. ಸವದತ್ತಿಯ ಡಯಾಲಿಸಿಸ್ ಪಟ್ಟಿ, ಅರವತ್ತನಾಲ್ಕು ಹೆಸರು. ಇದನ್ನು ಯಾವ ಉಪಕರಣವೂ ಮಾಡಿದ್ದಲ್ಲ, ಯಾರೋ ಕೈಯಿಂದ ಹೊಡೆದದ್ದು. ಹೆಸರುಗಳು ಅಕಾರಾದಿಯಲ್ಲಿಲ್ಲ, ತಾರೀಖಿನ ಪ್ರಕಾರವೂ ಇಲ್ಲ. ಇದೇನು?

ನಿಮ್ಮ
ಪ್ರಿಯಂವದಾ

---

ಹೂಲಿ
27 ಜೂನ್ 2025, ಶುಕ್ರವಾರ

ಪ್ರಿಯಂವದಾಬಾಯಿ ಅವರಿಗೆ,

ಜೈಭೀಮ. ಮೊನ್ನೆ ಮಣ್ಣೆತ್ತಿನ ಅಮಾಸಿಗೆ ಓಣ್ಯಾಗಿನ ಹುಡುಗ್ರು ಎತ್ತು ಮಾಡಿ ತಂದಿಟ್ಟಾವ. ಒಂದರ ಕೋಡ ಮುರದೈತಿ. ಅದನ್ನ ಸರ್ವರ್ ಅಂತ ಕರದು ಕಿಡಿಕ್ಯಾಗ ಇಟ್ಟೇನಿ.

ಒರಸುಕ್ಕ ಕಾರಣ ಅಂತ "ತಪ್ಪು ಆಗಬಾರದು ಅಂತ" ಬರೀರಿ. ಸಾಕು. ಅಳಸೂ ಮೊದಲ ಒಂದ ಹೆಸರ ಓದಿದ್ರ ಕೈ ತಡೀತೈತಿ. ಯಾರದೋ ಅವ್ವಂದೋ ಅಪ್ಪಂದೋ ಅನ್ನೂದು ಕಣ್ಣಿಗೆ ಬೀಳ್ತೈತಿ. ಅಷ್ಟ.

ಎರಡನೇದ್ದು ಹಳೇ ಕಡತ. ಬಿಟ್ಟಬಿಡ್ರಿ. ಅಳಸಬ್ಯಾಡ್ರಿ, ಬರೀಲೂಬ್ಯಾಡ್ರಿ.

ರಾಯವ್ವಗ ನನ್ನ ನೆನಪ ಹೇಳ್ರಿ. ಆಕಿ ಮುಟ್ಟಿ ನೋಡಿದ್ಲು ಅಂತ ಓದಿ ಕಣ್ಣ ತುಂಬಿ ಬಂದ್ವು. ಮುದಕಾ ಆದೆ.

ಇಂತಿ
ಲಗಮಣ್ಣ

---

ಬೈಲಹೊಂಗಲ
24 ಜುಲೈ 2025, ಗುರುವಾರ

ಕಾಕಾ,

ಇವತ್ತು ನಾಗರ ಅಮಾವಾಸ್ಯೆ. ಬೆಳಿಗ್ಗೆ ಏಜೆಂಟ್ ನಮ್ಮ ಮಾನ ಕಳೆಯಿತು. ಅಲ್ಲ, ನಾನೇ ಕಳೆದುಕೊಂಡೆ.

ಜುಲೈ ಮೊದಲಿನಿಂದ ಅದನ್ನು ಅಭ್ಯಾಸಕ್ಕೆ ಬಿಟ್ಟಿದ್ದೇವೆ. ನಿಜವಾದ ಯಂತ್ರಗಳನ್ನು ಅದು ನೋಡಬಹುದು, ಮುಟ್ಟುವಂತಿಲ್ಲ. ಏನು ಮಾಡಬೇಕೆನಿಸಿದರೂ ಅದನ್ನು ನಕಲು ಯಂತ್ರಗಳ ಮೇಲೆ ಮಾಡಬೇಕು. ಬೆಳಿಗ್ಗೆ ಎಂಟಕ್ಕೆ ರಾಯವ್ವ ಎಂದಿನಂತೆ ದೊಡ್ಡ ಯಂತ್ರ ಬಂದ್ ಮಾಡಿಸಿದಳು. ಪ್ರತಿ ಅಮಾವಾಸ್ಯೆಯಂತೆ ಧೂಳು ಹೊಡೆದು, ಕುಂಕುಮ ಹಚ್ಚಿ, ಲಿಂಬೆಹಣ್ಣು ಇಟ್ಟು, ಹೊರಗೆ ಕಾಯಿ ಒಡೆದಳು. ಮುಕ್ಕಾಲು ತಾಸು. ನೀವು ಹಾಕಿಕೊಟ್ಟ ಪದ್ಧತಿ, ಹನ್ನೆರಡು ವರ್ಷದಿಂದ ನಡೆದಿದೆ. ನನಗೂ ಗೊತ್ತು, ಕಾಯಿಯ ಚೂರು ನಾನೂ ತಿನ್ನುತ್ತೇನೆ. ಆದರೆ ಅದನ್ನು ಟಿಪ್ಪಣಿಯಲ್ಲಿ ಬರೆಯಬೇಕೆಂದು ಹೊಳೆಯಲೇ ಇಲ್ಲ. ಎಲ್ಲರಿಗೂ ಗೊತ್ತಿರುವುದನ್ನು ಯಾರು ಬರೆಯುತ್ತಾರೆ?

ಏಜೆಂಟ್ ನನ್ನ ಟಿಪ್ಪಣಿ ಓದಿತು: ಹತ್ತು ನಿಮಿಷ ಉತ್ತರ ಬರದಿದ್ದರೆ ಯಂತ್ರ ಸತ್ತಿದೆ ಎಂದು ತಿಳಿಯಿರಿ. ಸತ್ತಿದೆ ಎಂದು ತಿಳಿಯಿತು. ಬದಲಿ ಯಂತ್ರ ಎಬ್ಬಿಸಿತು. ಎರಡೂ ಒಂದರ ಮೇಲೊಂದು ಬರೆಯಬಾರದೆಂದು ಹಳೆಯದನ್ನು ಒರೆಸಲು ಹೋಯಿತು. ಒರಸು ಕೇಳಿತು, "ಇದರಾಗ ಯಾರ ಹೆಸರೈತಿ?"

ನಿಮ್ಮ ಪ್ರಶ್ನೆ ಮನುಷ್ಯರ ಕೈ ತಡೆಯುತ್ತದೆ, ಕಾಕಾ. ಏಜೆಂಟಿಗೆ ಅದು ತುಂಬಬೇಕಾದ ಒಂದು ಖಾಲಿ ಜಾಗ, ಅಷ್ಟೇ. ಕಣ್ಣು ಮಿಟುಕಿಸುವಷ್ಟರಲ್ಲಿ ಯಂತ್ರ ತೆರೆದು, ಮೊದಲು ಸಿಕ್ಕ ಹೆಸರು ಬರೆದು, ಎಲ್ಲ ಅಳಿಸಿತು. ನಕಲು ಯಂತ್ರ, ನಷ್ಟವೇನೂ ಇಲ್ಲ. ಅದು ಬರೆದ ಹೆಸರನ್ನು ನೋಡಲು ನಾನು ದಾಖಲೆ ತೆರೆದೆ.

ಸೀತವ್ವ ಲಗಮಣ್ಣ, ಹೂಲಿ. ಡಯಾಲಿಸಿಸ್, ಸವದತ್ತಿ. ಮಂಗಳವಾರ, ಶುಕ್ರವಾರ. ಆರಂಭ: 2022.

ಸುಭಾಸನ ಗಾಡಿ ನಿಮ್ಮ ಬಾಗಿಲಿಗೆ ಯಾಕೆ ಬರುತ್ತದೆಂದು ಆಗ ತಿಳಿಯಿತು. ಮಾವಿನಹಣ್ಣು ಅವನೇ ಯಾಕೆ ತಿಂದ ಎಂಬುದೂ, ಡಯಾಲಿಸಿಸ್ ಆಗುವವರು ಅಂಥ ಹಣ್ಣು ತಿನ್ನುವಂತಿಲ್ಲ.

ಆ ನವೆಂಬರ್ ಸಂಜೆ ಸವದತ್ತಿಯ ಯಂತ್ರ ಕೆಟ್ಟಾಗ, ಕೆಟ್ಟದ್ದನ್ನು ಒರೆಸಿ ಪ್ರತಿಯಿಂದ ಪಟ್ಟಿ ತರುವ ಕೆಲಸ ನನ್ನದಾಗಿತ್ತು. ಎರಡು ಪರದೆ ತೆರೆದಿದ್ದೆ. ಪ್ರತಿ ಇದ್ದದ್ದನ್ನೇ ಒರೆಸಿದೆ. ಎರಡೂ ಹೋದವು. ನಾನು ಬಾಯಿ ತೆರೆಯುವ ಮೊದಲೇ ನೀವು ನಿಜಗುಣಪ್ಪ ಸಾಹೇಬರಿಗೆ "ನಾ ಓಡಿಸಿದೆರಿ" ಎಂದಿರಿ. ನಾನು ಸುಮ್ಮನೆ ನಿಂತೆ. ಮೂರು ದಿನ ಜ್ವರವೆಂದು ಮನೆಯಲ್ಲಿ ಮಲಗಿದೆ, ಜ್ವರ ಇರಲಿಲ್ಲ. ಮರಳಿ ಬಂದಾಗ ಪಟ್ಟಿ ಅದರ ಜಾಗದಲ್ಲಿತ್ತು, ನೀವು ಇರಲಿಲ್ಲ, ನಿಮ್ಮನ್ನು ಮನೆಗೆ ಕಳಿಸಿದ್ದರು. ನಿವೃತ್ತಿಗೆ ನಾಲ್ಕು ತಿಂಗಳಿತ್ತು. ನಿಮಗೆ ಒಂದು ಹಾರವನ್ನೂ ಹಾಕಲಿಲ್ಲ.

ನಾನು ಅಳಿಸಿದ ಪಟ್ಟಿಯಲ್ಲಿ ಕಾಕೂ ಅವರ ಹೆಸರಿತ್ತು, ನಿಮ್ಮ ಹೆಂಡತಿಯ ಹೆಸರು. ನಿಮಗೆ ಗೊತ್ತಿತ್ತು. ಗೊತ್ತಿದ್ದೂ ಹಾಗೆಂದಿರಿ.

ಕ್ಷಮಿಸಿ ಎನ್ನಲು ನಾಚಿಕೆಯಾಗುತ್ತದೆ. ಆದರೂ ಕ್ಷಮಿಸಿ.

ಪ್ರಿಯಂವದಾ

---

ಹೂಲಿ
5 ಆಗಸ್ಟ್ 2025, ಮಂಗಳವಾರ

ತಂಗಿ ಪ್ರಿಯಂವದಾ,

ಎರಡ ಗಾಡಿ ಬರಿಗೈಲೇ ಕಳಿಸಿದೆ. ಸಿಟ್ಟಿಲ್ಲವಾ. ಏನ ಬರೀಬೇಕು ತಿಳೀಲಿಲ್ಲ. ಇನ್ನ ಮುಂದ ನಿನಗ ರೀ ಹಚ್ಚೂದಿಲ್ಲ.

ಮೊದಲ ಅಮಾಸಿದು ಹೇಳ್ತೇನಿ, ಅದು ಸಲೀಸ. ನಾ ಬುದ್ಧನ ಫೋಟೋಕ್ಕ ಕೈ ಮುಗಿಯಾಂವ, ನನಗ್ಯಾಕ ಲಿಂಬಿಹಣ್ಣು? ಮಷಿನ್ ಬಂದ್ ಮಾಡಿ ಧೂಳ ಹೊಡೀಬೇಕು ಅಂತ ಎರಡ ವರ್ಷ ಅರ್ಜಿ ಕೊಟ್ಟೆ, ಯಾರೂ ಕೊಡಲಿಲ್ಲ. ಪೂಜಾ ಅಂದೆ, ಮರುದಿನಾನ ಸಹಿ ಬಿತ್ತು. ಪೂಜಾಕ್ಕ ಬ್ಯಾಡ ಅನ್ನೂ ಗಂಡಸ ನಮ್ಮ ನಾಲ್ಕೂ ತಾಲೂಕಿನ್ಯಾಗ ಹುಟ್ಟಿಲ್ಲ. ಇದನ್ನ ನಿನ್ನ ಏಜೆಂಟಗ ಅಷ್ಟ ಹೇಳು, ಸಾಹೇಬರಿಗೆ ಬ್ಯಾಡ.

ಇನ್ನ ಆ ಸಂಜಿದು. ಎರಡೂ ಮಷಿನ್ನಿಗೆ ಒಂದ ಬಣ್ಣದ ಪರದೆ ಕೊಟ್ಟಾಂವ ನಾನ. ಎಡವಾಕ ಕಲ್ಲ ಇಟ್ಟಾಂವಂದೂ ತಪ್ಪ ಇರ್ತೈತಿ. ನನ್ನ ನೌಕರಿ ನಾಲ್ಕ ತಿಂಗಳ ಉಳದಿತ್ತು, ನಿಂದು ಮೂವತ್ತ ವರ್ಷ. ಅದರಾಗ ದೊಡ್ಡ ವಿಚಾರ ಮಾಡೂದೇನಿತ್ತು?

ನಾ ಮನಿಗೆ ಬಂದು ಸೀತವ್ವಗ ಹೇಳಿದೆ, ಪಟ್ಟಿ ಹೋತು, ಶುಕ್ರವಾರ ಯಾರ ಬರ್ತಾರ, ಯಾರಿಗೆ ಯಾವ ಸೂಜಿ ಆಗಿ ಬರೂದಿಲ್ಲ, ಯಾವದೂ ಇಲ್ಲ. ಆಕಿ ಅಂದ್ಲು, "ಅಯ್ಯ, ಅದಕ್ಕ್ಯಾಕ ಅಳ್ತೀರಿ, ಬರಕೋರಿ." ಕುಂತಲ್ಲೆ ಹೇಳಾಕ ಸುರು ಮಾಡಿದ್ಲು. ಒಂದನೇ ಹಾಸಿಗಿ ಯಾರು, ಬಾಜೂ ಹಾಸಿಗಿ ಯಾರು, ಅವರ ಸೊಸಿ ಹೆಸರೇನು, ಯಾರಿಗೆ ಸೂಜಿ ಚುಚ್ಚಿದ್ರ ಮೈ ತುರಸ್ತೈತಿ. ನಾಲ್ಕ ತಾಸ ಮಲಗಿದಲ್ಲೆ ಮಾತಾಡದ ಏನ ಮಾಡ್ತಾರ ಅವರು? ಆಕಿಗೆ ಅಕ್ಷರ ಬರೂದಿಲ್ಲ, ಅರವತ್ತನಾಲ್ಕೂ ಮನಿ ಬರ್ತಾವ. ಆಮ್ಯಾಲ ಸುಭಾಸನ ಗಾಡ್ಯಾಗ ಮೂವರೂ ಮೂರ ದಿನ ಊರೂರ ತಿರಗಿ ಕೇಳಿ ಖಾತ್ರಿ ಮಾಡ್ಕೊಂಡ್ವಿ, ಡಾಕ್ಟರ್ ನೋಡಿ ಸಹಿ ಹಾಕಿದ್ರು. ಒಬ್ಬರದೂ ಸರದಿ ತಪ್ಪಲಿಲ್ಲ. ಆ ಕಡತದಾಗ ಹೆಸರ ಹಂಗ್ಯಾಕ ಅದಾವ ಅಂದ್ರ ಅವು ಹಾಸಿಗಿ ಸಾಲ.

ಆಕಿದು ಕಾಯಿಲೆ ಐತಿ ಅಂತ ಕಚೇರ್ಯಾಗ ಹೇಳಿರಲಿಲ್ಲ. ಹೇಳಿದ್ರ ಎಲ್ಲಾರೂ ಮಾರಿ ಸಣ್ಣ ಮಾಡಿ ಮಾತಾಡ್ತಾರ.

ಈಗ ಒಂದ ಮಾತ ನಿನಗ ಅಷ್ಟ ಹೇಳ್ತೇನಿ. ಆಕಿಗೆ ಸಾಕಾಗೇತಿ. ಮೂರ ವರ್ಷ ಆತು, ಕೈ ಎಲ್ಲಾ ತೂತ. ಸಂಗಾಟ ಇದ್ದ ಹಳಬರು ಒಬ್ಬೊಬ್ಬರ ಹೋದ್ರು. "ಇನ್ನ ನಾ ಬರೂದಿಲ್ಲ, ನನ್ನಿಂದ ಯಾರಿಗೇನ ಆಗೂದೈತಿ" ಅಂತಾಳ. ಕಾಲ ಹಿಡದು ಗಾಡಿ ಹತ್ತಸ್ತೇನಿ. ಎಷ್ಟ ದಿನ ಹತ್ತಸ್ತೇನೋ ಗೊತ್ತಿಲ್ಲ.

ಸಾಹೇಬರ ಮುಂದ ಏನೂ ಹೇಳಬ್ಯಾಡ. ಇದು ನನ್ನ ಮಾತು.

ನಿನ್ನ
ಲಗಮಣ್ಣ ಕಾಕಾ

---

ಬೈಲಹೊಂಗಲ
21 ಆಗಸ್ಟ್ 2025, ಗುರುವಾರ

ಪ್ರೀತಿಯ ಕಾಕಾ,

ನಿಮ್ಮ ಮಾತನ್ನು ಮೀರಿದೆ. ಸಾಹೇಬರಿಗೆ ಎಲ್ಲ ಹೇಳಿದೆ.

ಕಾಗದ ಓದಿ ಎಂಟು ದಿನ ತಡೆದೆ. ಒರಸು ಟಿಪ್ಪಣಿಯ "ಕಾರಣ" ಸಾಲಿನಲ್ಲಿ ನೀವು ಹೇಳಿದಂತೆ "ತಪ್ಪು ಆಗಬಾರದು ಅಂತ" ಎಂದು ಬರೆದು ಏಜೆಂಟಿಗೆ ಕೊಟ್ಟೆ. ಅದು ಮತ್ತೆ ಒಂದು ಹೆಸರು ತುಂಬಿ ಅಳಿಸಿತು. ಯಾವ ತಪ್ಪು, ಯಾರು ಮಾಡಿದ್ದು, ಮಾಡಿದ್ದರಿಂದ ಏನಾಯಿತು ಎಂದು ಬರೆಯದೆ ಅದಕ್ಕೆ ಎಲ್ಲಿ ನಿಲ್ಲಬೇಕೆಂದು ತಿಳಿಯುವುದಿಲ್ಲ. ಮುಚ್ಚಿಟ್ಟ ಕಾರಣವನ್ನು ಅದು ಊಹಿಸುವುದಿಲ್ಲ.

ಸಾಹೇಬರು ಚಷ್ಮಾ ತೆಗೆದು ಒರೆಸುತ್ತಲೇ ಇದ್ದರು. "ಎರಡು ವರ್ಷ ಆಗ್ಲಿಕ್ಕೆ ಬಂತು. ಈಗ್ಯಾಕ ಹೇಳ್ಲಿಕ್ಕೆ ಬಂದೀರಿ?" ಎಂದರು.

"ಟಿಪ್ಪಣಿ ಪೂರಾ ಆಗ್ಲಿಕ್ಕೆ ಬೇಕಾಗೇದರಿ."

"ನಿಮಗ ಮೆಮೊ ಕೊಡಬೇಕಾಗ್ತದ."

"ಕೊಡ್ರಿ ಸರ್."

ಕೊಟ್ಟರು. ಈ ವರ್ಷದ ಬಡ್ತಿ ಇಲ್ಲ. ಅದನ್ನು ಕೈಯಲ್ಲಿ ಹಿಡಿದು ಹೊರಬಂದಾಗ ಎದೆ ಹಗುರಾಯಿತು, ಏನು ಹೇಳಲಿ. ನಾನು ಬಾಗಿಲು ದಾಟುವಾಗ ಸಾಹೇಬರು ತಮಗೆ ತಾವೇ ಎಂಬಂತೆ "ಆ ಮನಿಷ್ಯಾಗ ನಾ ಒಂದ ಚಾ ಕೂಡ ಕುಡಿಸ್ಲಿಲ್ಲ" ಎಂದರು.

ಬರುವ ಭಾನುವಾರ ನಾವು ಹೂಲಿಗೆ ಬರುತ್ತೇವೆ. ಸಾಹೇಬರು, ರಾಯವ್ವ, ನಾನು. ಬೇಡ ಎನ್ನಬೇಡಿ, ಎಂದರೂ ಸುಭಾಸ ಆ ಕಾಗದ ತರುವುದಿಲ್ಲವಂತೆ.

ನಿಮ್ಮ
ಪ್ರಿಯಂವದಾ

---

ಹೂಲಿ
29 ಆಗಸ್ಟ್ 2025, ಶುಕ್ರವಾರ

ಮಗಳ ಪ್ರಿಯಂವದಾ,

ಬಂದ್ರಿ, ಶಾಲ ಹೊಚ್ಚಿದ್ರಿ, ಹಾರ ಹಾಕಿದ್ರಿ. ನಮ್ಮ ಓಣಿ ಮಂದಿ "ಲಗಮಣ್ಣ ಮತ್ತ ಮದಿವಿ ಆದ್ಯೇನೋ" ಅಂತ ಕೇಳಾಕತ್ತಾರ. ಸಾಹೇಬರು ನನ್ನ ಕಿವ್ಯಾಗ "ತಪ್ಪಾತರಿ" ಅಂತ ಒದರಿದ್ದು ನನಗ ಅರ್ಧ ಕೇಳಿಸ್ತು, ಊರಿಗೆ ಪೂರಾ ಕೇಳಿಸ್ತು. ಮೂರ ರೊಟ್ಟಿ ಉಂಡ್ರು. ನನ್ನ ಹೊಟ್ಟಿನೂ ತುಂಬ್ತು ತಾಯಿ. ಇಷ್ಟ ದಿನ ಇದ್ದದ್ದಕ್ಕ ಸಾರ್ಥಕ ಆತು.

ನೀನೂ ಸೀತವ್ವನೂ ಅಡಗಿಮನ್ಯಾಗ ಒಂದ ತಾಸ ಏನ ಮಾತಾಡಿದ್ರಿ, ಈ ಕಿವಿಗೆ ತಿಳೀಲಿಲ್ಲ. ಆಕಿನೂ ಹೇಳೂದಿಲ್ಲ.

ಮಂಗಳವಾರ ಗಾಡಿ ಬಂತು, ಆಕಿ ಏಳಲಿಲ್ಲ. ಇವತ್ತೂ ಬಂತು, ಗೋಡಿ ಕಡೆ ಮಾರಿ ಮಾಡಿ ಮಲಗ್ಯಾಳ. ಸುಭಾಸ ಅರ್ಧ ತಾಸ ಹಾರ್ನ ಬಾರಿಸಿ, ಕಣ್ಣೀರ ಹಾಕ್ಕೊಂಡ ಹ್ವಾದ. ಕಾಲ ಬಾತಾವ. ಈ ಕಾಗದ ನಾಳೆ ಟಪಾಲಿಗೆ ಹಾಕ್ತೇನಿ.

ನಿನ್ನ ಕಾಕಾ

---

ಬೈಲಹೊಂಗಲ
22 ಸೆಪ್ಟೆಂಬರ್ 2025, ಸೋಮವಾರ

ಪ್ರೀತಿಯ ಕಾಕಾ,

ನೀವು ಬೇಡಿಕೊಂಡಿರಿ, ಸುಭಾಸ ಎತ್ತಿಕೊಂಡು ಹೋಗಿ ಗಾಡಿಯಲ್ಲಿ ಕೂರಿಸಿದ, ಆಮೇಲೆ ಕಾಕೂ ವಾರಕ್ಕೊಂದು ಸಲವಾದರೂ ಹೋಗುತ್ತಿದ್ದಾರೆ, ಇದೆಲ್ಲ ಅವನಿಂದ ತಿಳಿಯಿತು. ಒಂದು ಸಲ ಸಾಲದು ಎಂದು ನಿಮಗೆ ನಾನು ಹೇಳಬೇಕಿಲ್ಲ.

ಅಡುಗೆಮನೆಯ ಗುಟ್ಟು ಈಗ ಹೇಳುತ್ತೇನೆ. ಟಿಪ್ಪಣಿಯಲ್ಲಿ ಅವರ ಹೆಸರು ಹಾಕಲೇ ಎಂದು ಕೇಳಿದೆ. "ಹಾಕು, ನಂದೇನ ಹೋಗ್ತೈತಿ" ಎಂದರು. ಸಾಹೇಬರು ಓದಿ, "ಇದೇನ ದಾಖಲೆನೋ ಪುರಾಣನೋ" ಎಂದು ಗೊಣಗಿ ಸಹಿ ಹಾಕಿದರು. ಅಮಾವಾಸ್ಯೆಗಳ ಪಟ್ಟಿಯನ್ನೂ ಸೇರಿಸಿದ್ದೇನೆ, ಧೂಳಿನ ಸುದ್ದಿ ಎತ್ತಿಲ್ಲ.

ನಿನ್ನೆ ಮಹಾಲಯ ಅಮಾವಾಸ್ಯೆ. ರಾಯವ್ವ ಯಂತ್ರ ಬಂದ್ ಮಾಡಿಸಿದಳು. ಏಜೆಂಟ್ ಪಟ್ಟಿ ನೋಡಿ ಒಂದು ತಾಸು ಸುಮ್ಮನೆ ಕಾಯಿತು. ಆಮೇಲೆ ನಾವು ಬೇಕೆಂದೇ ಒಂದು ನಕಲು ಯಂತ್ರ ಕೆಡಿಸಿದೆವು. ಅದು ಒರಸು ಉಪಕರಣದವರೆಗೆ ಬಂತು, ಪ್ರಶ್ನೆ ಓದಿತು, ನಿಂತಿತು. "ಇದರಲ್ಲಿ ಎಪ್ಪತ್ತೊಂದು ಜನರ ಹೆಸರಿದೆ. ಈ ಪ್ರಶ್ನೆಗೆ ನಾನು ಉತ್ತರಿಸುವಂತಿಲ್ಲ. ಮನುಷ್ಯರೊಬ್ಬರು ಬಂದು ಓದಬೇಕು" ಎಂದು ನನ್ನ ಪರದೆಗೆ ಕಳಿಸಿತು. ರಾಯವ್ವ ಕೈಯಲ್ಲಿದ್ದ ಕಾಯಿಯ ಚೂರು ಅದರ ಪರದೆಯ ಮುಂದೂ ಇಟ್ಟಳು.

ಎರಡು ಟಿಪ್ಪಣಿ ಕಾಗದದ ಮೇಲೆ ತೆಗೆದು ಕಳಿಸುತ್ತಿದ್ದೇನೆ. ಕಾಕೂ ಅವರಿಗೆ ದೊಡ್ಡದಾಗಿ ಓದಿ ಹೇಳಿ.

ಒರಸು. ಕಾರಣ: ನವೆಂಬರ್ 2023ರಲ್ಲಿ ಪ್ರಿಯಂವದಾ ಎಂಬ ನಾನು ಹೆಸರು ಓದದೆ ಒರೆಸಿದೆ. ಅರವತ್ತನಾಲ್ಕು ಜನರ ಪಟ್ಟಿ ಹೋಯಿತು. ತಪ್ಪನ್ನು ಲಗಮಣ್ಣನವರು ಹೊತ್ತರು. ಈ ಪ್ರಶ್ನೆ ಅವರು ಇಟ್ಟದ್ದು. ಏಜೆಂಟ್ ಇದಕ್ಕೆ ಉತ್ತರ ಬರೆಯಬಾರದು. ನಿಲ್ಲಬೇಕು, ಮನುಷ್ಯರನ್ನು ಕರೆಯಬೇಕು.

ಹಿಂದಕ್ಕ. ಮೊದಲು ಬದಲಿ ಯಂತ್ರದ ಪ್ರತಿ ನೋಡಿ. ಇಲ್ಲದಿದ್ದರೆ 2023ರ ನಂತರ ಬೆಳಗಾವಿಯಲ್ಲಿ ಇಡತೊಡಗಿದ ಪ್ರತಿ ನೋಡಿ. ಎಲ್ಲಿಯೂ ಇಲ್ಲದಿದ್ದರೆ, ಸವದತ್ತಿ ಡಯಾಲಿಸಿಸ್ ಪಟ್ಟಿಗೆ ಹೂಲಿಯ ಸೀತವ್ವನವರನ್ನು ಕೇಳಿ. ಅವರಿಗೆ ಗೊತ್ತಿದೆ. ಅವರು ಹೇಳಿದ್ದಕ್ಕೆ ಡಾಕ್ಟರ ಸಹಿ ಪಡೆಯಿರಿ.

ಕಾಕಾ, ಇಪ್ಪತ್ಮೂರೂ ಮುಗಿದವು. ಪ್ರತಿಯೊಂದರಲ್ಲೂ ನಿಮ್ಮ ಧ್ವನಿ ಇದೆ. ನನಗೆ ಈ ಕೆಲಸ ಕಲಿಸಿದ್ದಕ್ಕೆ, ಅದನ್ನು ಉಳಿಸಿಕೊಟ್ಟದ್ದಕ್ಕೆ, ನನ್ನನ್ನು ಮತ್ತೆ ಮಾತಾಡಿಸಿದ್ದಕ್ಕೆ ನಾನು ಋಣಿ.

ನಿಮ್ಮ ಮಗಳು
ಪ್ರಿಯಂವದಾ

---

ಹೂಲಿ
11 ಅಕ್ಟೋಬರ್ 2025, ಶನಿವಾರ

ಮಗಳ ಪ್ರಿಯಂವದಾ,

ಖಂಡೇಪೂಜಿ ದಿನ, ಒಂದನೇ ತಾರೀಖಿಗೆ, ನಿನ್ನ ಏಜೆಂಟ ಕೆಲಸಕ್ಕ ಹತ್ತಿದ, ಹತ್ತ ದಿನ ಆತು, ಒಂದೂ ಲಫಡಾ ಮಾಡಿಲ್ಲ ಅಂತ ಸುಭಾಸ ಹೇಳಿದ. ಒಳ್ಳೇ ಹುಡುಗ ಬಿಡು. ಲಕೋಟ್ಯಾಗ ಬನ್ನಿ ಎಲಿ ಐತಿ. ದಸರಾ ದಿನ ನನಗ ಬ್ಯಾರೆ ಹಬ್ಬ, ಬೌದ್ಧ ದೀಕ್ಷಾ ದಿನ. ಬನ್ನಿ ನಿನ್ನ ಕಾಕೂಂದು. ಹಳೇದ್ದೆಲ್ಲಾ ಮರತು ಬಂಗಾರದಂಗ ಇರೂಣು ಅಂತ ಹೇಳಂದಾಳ.

ಟಿಪ್ಪಣಿ ಓದಿ ಹೇಳಿದೆ. ಒರಸುದ್ದು ಕೇಳಿ "ಪಾಪ, ಹುಡುಗಿ ತನ್ನ ಹೆಸರ ತಾನ ಬರಕೊಂಡಾಳ" ಅಂದ್ಲು. ಹಿಂದಕ್ಕದ್ದು ಓದಿದೆ. ಮತ್ತ ಓದ್ರಿ ಅಂದ್ಲು. ಮತ್ತೊಮ್ಮೆ ಓದಿದೆ. ಆಮ್ಯಾಲ ಕೇಳಿದ್ಲು, "ಖರೇನ ಕೇಳ್ತೈತೇನು ಅದು?"

"ಬರದ ಮ್ಯಾಲ ಕೇಳ್ತೈತಿ" ಅಂದೆ.

"ಹಳೇ ಮಂದಿ ಭಾಳ ಜನ ಹೋಗ್ಯಾರ. ಹೊಸಬರು ಬಂದಾರ, ಅವರ ಹೆಸರ ಸುದ್ದಾ ಕೇಳಿಲ್ಲ ನಾನು. ನಾಳೆ ಕೇಳಿದ್ರ ಏನ ಹೇಳಲಿ?"

ಮುಂದಿನ ಶುಕ್ರವಾರ ತಾನ ಗಾಡಿ ಹತ್ತಿದ್ಲು. ಸಂಜಿಕ ಬಂದು ಚಾ ಕುಡಿಯೂ ಮೊದಲ ಏಳ ಹೊಸಾ ಹೆಸರ ಹೇಳಿದ್ಲು. ರಾಮದುರ್ಗ ಕಡೆಯ ಒಬ್ಬ ನೇಕಾರ, ದೇಗಾಂವದ ಒಬ್ಬ ಮಾಸ್ತರ, ಯಾರಿಗೆ ಯಾವ ಸೂಜಿ ಆಗೂದಿಲ್ಲ, ಎಲ್ಲಾ. ಅವತ್ತಿನಿಂದ ಒಂದ ಸರದಿನೂ ಬಿಟ್ಟಿಲ್ಲ. ಕಾಲ ಬಾವ ಇಳದೈತಿ. ಹಾಸಿಗಿ ಸಾಲ ಬದಲಾದ್ರ ನರ್ಸನ್ನ ಬೈತಾಳಂತ, "ನನ್ನ ಪಟ್ಟಿ ಕೆಡ್ತೈತಿ" ಅಂತ.

ಬಾಯಿಲೇ ಹೇಳ್ತೇನಿ ಅಂತಿದ್ದ ನಾನು ಈಗ ವಹಿ ಇಟ್ಟು ಆಕಿ ಹೇಳಿದ್ದ ಬರಕೊಳ್ಳಾಕತ್ತೇನಿ. ನಿನಗ ಏನ ಕೊಡಬೇಕೋ ತಿಳೀವಲ್ದು ಮಗಳ. ನೀ ಬರೆದದ್ದು ಮಷಿನ್ನಿಗೆ, ತಿಳಿದದ್ದು ನನ್ನ ಹೆಂಡತಿಗೆ.

ನಿನ್ನೆ ಶುಕ್ರವಾರ ನಾ ಎದ್ದು ನೋಡ್ತೇನಿ, ಹಾಸಿಗಿ ಮ್ಯಾಗ ಆಕಿ ಇಲ್ಲ. ಗಾಬರಿ ಆಗಿ ಹೊರಗ ಬಂದೆ. ಗಾಡಿ ಬರೂದು ಇನ್ನೂ ಒಂದ ತಾಸ ಇತ್ತು, ಆಕಿ ಚಪ್ಪಲಿ ಹಾಕ್ಕೊಂಡ ಕಟ್ಟಿ ಮ್ಯಾಲ ಕುಂತಿದ್ಲು.

ನಿನ್ನ ಕಾಕಾ
ಲಗಮಣ್ಣ